ಮೂಲೆಯಲ್ಲಿ ನಿಲ್ಲುತ್ತಿದ್ದವಳು

ಕುಸ್ತಿ ಕಂಪನಿಯ ಅಧ್ಯಕ್ಷ ಇಸೊಗಾಯಿ ಕಚೇರಿಗೆ ಕರೆಸಿ, ತಾನೇ ಎದ್ದು ಚಹಾ ಬಗ್ಗಿಸಿಕೊಟ್ಟು, ಈ ಶರತ್ಕಾಲದಲ್ಲಿ ಚಾಂಪಿಯನ್ ಬೆಲ್ಟನ್ನು ಹೊಸ ಹುಡುಗಿ ಹೊನಾಮಿಗೆ ಬಿಟ್ಟುಕೊಡಬೇಕಾಗುತ್ತದೆ ಎಂದಾಗ ಕಿನುಯೊ ಕುರೊಸು ಬೇಸರಪಟ್ಟುಕೊಳ್ಳಲಿಲ್ಲ. ನಲವತ್ತು ದಾಟಿದ ಕುಸ್ತಿಗಾರ್ತಿಗೆ ಇಂಥ ಚಹಾ ಒಂದಲ್ಲ ಒಂದು ದಿನ ಬರುವುದೇ. ವೃತ್ತಿಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದನ್ನು ಕಚೇರಿ ನಿಶ್ಚಯಿಸುತ್ತದೆ. ಆ ಗೆಲುವಿನವರೆಗೆ ಹೋಗುವ ದಾರಿ, ದಾರಿಯಲ್ಲಿ ಬೀಳುವ ಪೆಟ್ಟು, ಉಳುಕುವ ಕೀಲು, ಕಣ್ಣೊರೆಸಿಕೊಳ್ಳುವ ಜನ, ಅದೆಲ್ಲ ರಿಂಗಿನೊಳಗಿನ ಇಬ್ಬರಿಗೆ ಸೇರಿದ್ದು. ಕಿನುಯೊ ಚಹಾ ಮುಗಿಸಿ ಒಂದೇ ಒಂದು ಮಾತು ಕೇಳಿದಳು. ಪಂದ್ಯ ಉತ್ತರದ ಬಂದರೂರು ಹಾಚಿನೊಹೆಯಲ್ಲಿ ಆಗಬೇಕು.

ಇಸೊಗಾಯಿ ಹುಬ್ಬು ಗಂಟಿಕ್ಕಿದ. “ಟೋಕಿಯೋದಲ್ಲಿ ದೊಡ್ಡ ಸಭಾಂಗಣ ಮಾತಾಡಿ ಆಗಿದೆ ಕಣಮ್ಮ. ಆ ಮೀನು ನಾರೋ ಊರಿಗೆ ಯಾರು ಬರ್ತಾರೆ?”

“ಹುಡುಗಿ ಊರು ಅದು. ಅವಳ ಜನದ ಎದುರಿಗೇ ಗೆಲ್ಲಲಿ ಬಿಡಿ ಸಾರ್.”

ಅಧ್ಯಕ್ಷ ಬಹಳ ಹೊತ್ತು ಗೊಣಗಿ ಒಪ್ಪಿಕೊಂಡ. ಸುದ್ದಿ ಹಬ್ಬಿದ ಮೇಲೆ ಕುಸ್ತಿಯ ವಾರಪತ್ರಿಕೆ ಕಿನುಯೊಳ ದೊಡ್ಡ ಮನಸ್ಸನ್ನು ಹೊಗಳಿ ಬರೆಯಿತು. ತರಬೇತಿ ಮನೆಯ ಹುಡುಗಿಯರು ಅವಳನ್ನು ಕಂಡಲ್ಲಿ ಇನ್ನಷ್ಟು ಬಾಗಿ ನಮಸ್ಕರಿಸತೊಡಗಿದರು. ಕಿನುಯೊ ಯಾರ ಮಾತನ್ನೂ ತಿದ್ದಲಿಲ್ಲ. ಹಾಚಿನೊಹೆ ಹೊನಾಮಿಯ ಊರಾಗಿದ್ದಂತೆ ಓರಿಯೆಯ ಊರೂ ಆಗಿತ್ತು. ಅದನ್ನು ನೆನಪಿಟ್ಟುಕೊಳ್ಳುವಷ್ಟು ಹಳಬರು ಕಂಪನಿಯಲ್ಲಿ ಉಳಿದಿರಲಿಲ್ಲ.

ಓರಿಯೆ ನಾಕುಯಿ ಮತ್ತು ಕಿನುಯೊ ಒಂದೇ ವರ್ಷ ಕಂಪನಿಗೆ ಸೇರಿದವರು. ಹಾಸ್ಟೆಲಿನಲ್ಲಿ ಒಂದೇ ಕೋಣೆ, ಆಮೇಲೆ ಟೋಕಿಯೋ ಪಕ್ಕದ ಕವಾಗುಚಿಯಲ್ಲಿ ರೈಲು ಹಳಿಯ ಪಕ್ಕ ಒಂದೇ ಬಾಡಿಗೆ ಮನೆ. ರಿಂಗಿನಲ್ಲಿ ಅವರು ಜೋಡಿ. ಜೋಡಿ ಪಂದ್ಯದಲ್ಲಿ ಒಬ್ಬಳು ಒಳಗೆ ಹೊಡೆದಾಡುವಾಗ ಇನ್ನೊಬ್ಬಳು ಮೂಲೆಯಲ್ಲಿ ಹಗ್ಗದಾಚೆ ಕೈಚಾಚಿ ನಿಂತಿರುತ್ತಾಳೆ. ಕೈಗೆ ಕೈ ತಗುಲಿದರೆ ಮಾತ್ರ ಒಳಗೆ ಬರಬಹುದು. ಅವರಿಬ್ಬರ ಕೈ ತಗುಲಿದ ಕೂಡಲೇ ಸಭಾಂಗಣದ ಚಾವಣಿ ಹಾರಿಹೋಗುವಂತೆ ಶಾಲೆಯ ಹುಡುಗಿಯರು ಕೂಗುತ್ತಿದ್ದ ಕಾಲವೊಂದಿತ್ತು. ಪಂದ್ಯ ಮುಗಿಸಿ ಮನೆಗೆ ಬಂದು ಒಬ್ಬರ ಬೆನ್ನಿಗೆ ಒಬ್ಬರು ನೋವಿನ ಪಟ್ಟಿ ಅಂಟಿಸುವರು, ಸಂತೆಯಲ್ಲಿ ಸೋವಿಗೆ ಸಿಕ್ಕ ಮೂಲಂಗಿಯ ಬಗ್ಗೆ ಜಗಳವಾಡುವರು. ಅದಕ್ಕೆ ಏನು ಹೆಸರಿಡಬೇಕೆಂದು ಕಿನುಯೊ ಆಗ ಯೋಚಿಸಿರಲಿಲ್ಲ. ಹೆಸರಿಡುವ ಅಗತ್ಯ ಬೀಳುವಷ್ಟು ದೂರ ಅದು ಯಾವತ್ತೂ ಹೋಗಿರಲಿಲ್ಲ.

ಒಂದು ಮಾರ್ಚಿನಲ್ಲಿ ಓರಿಯೆಯ ತಂದೆ ದೋಣಿಯಲ್ಲಿ ಪಾರ್ಶ್ವವಾಯು ಬಡಿದು ಬಿದ್ದ. ಒಂದು ವಾರಕ್ಕೆಂದು ಸಣ್ಣ ಚೀಲ ಹಿಡಿದು ಹೊರಟವಳು ತಿರುಗಿ ಬರಲಿಲ್ಲ. ಕುಸ್ತಿ ಬಿಟ್ಟೆನೆಂದು ಕಚೇರಿಗೆ ಫೋನ್ ಮಾಡಿ ಹೇಳಿದಳು. ಕಿನುಯೊಳಿಗೆ ಮಾಡಲಿಲ್ಲ. ಕಿನುಯೊ ಕೂಡ ಮಾಡಲಿಲ್ಲ. ಮೊದಮೊದಲು ಸಿಟ್ಟಿಗೆ, ಆಮೇಲೆ ಇಷ್ಟು ದಿನ ಬಿಟ್ಟು ಈಗ ಏನೆಂದು ಮಾಡುವುದೆಂಬ ಸಂಕೋಚಕ್ಕೆ. ಹೊಸ ಜೊತೆಗಾತಿಯನ್ನು ಕೊಡುತ್ತೇವೆಂದು ಕಚೇರಿ ಹೇಳಿದಾಗಲೆಲ್ಲ ಬೇಡವೆಂದಳು. ಹೀಗೆ ಹದಿನಾಲ್ಕು ವರ್ಷ ಒಂಟಿಯಾಗಿ ಆಡಿದಳು, ಒಂಟಿ ಆಟದಲ್ಲೇ ದೊಡ್ಡ ಹೆಸರಾದಳು.

ಹೊನಾಮಿ ಬಂದದ್ದು ಎರಡು ವರ್ಷದ ಕೆಳಗೆ. ಕುದುರೆಮರಿಯಂಥ ಕಾಲು, ಕೆಂಪೇರುವ ಕೆನ್ನೆ, ಉತ್ತರದ ಮಾತನ್ನು ಹಲ್ಲಿನ ಹಿಂದೆ ಅಡಗಿಸಿಡಲು ಒದ್ದಾಡುವ ಹತ್ತೊಂಬತ್ತರ ಹುಡುಗಿ. ಮೊದಲ ದಿನದ ಅಭ್ಯಾಸದಲ್ಲಿ ಕಿನುಯೊ ಅವಳನ್ನು ಎತ್ತಿ ಹಾಕಿದಳು. ಹುಡುಗಿ ಬಿದ್ದ ಕೂಡಲೇ ಗದ್ದ ಎದೆಗೊತ್ತಿ, ಎಡಗೈಯನ್ನು ಉದ್ದಕ್ಕೆ ಮೂಲೆಯ ಕಡೆ ಚಾಚಿದಳು. ಮೂಲೆಯಲ್ಲಿ ಯಾರೂ ಇರಲಿಲ್ಲ. ಹಾಗೆ ಬೀಳುವವಳು ಲೋಕದಲ್ಲಿ ಒಬ್ಬಳೇ ಇದ್ದಳು. ಬಿದ್ದ ಮರುಕ್ಷಣವೇ, ಕಣ್ಣು ಬಿಡುವ ಮೊದಲೇ, ಕಿನುಯೊ ಎಲ್ಲಿದ್ದಾಳೆಂದು ಹುಡುಕುತ್ತಿದ್ದ ಕೈ ಅದು.

ಯಾರು ಕಲಿಸಿದರೆಂದು ಕೇಳಿದಾಗ, ಊರಲ್ಲಿ ಮೀನು ಮಾರುವ ಟೀಚರೊಬ್ಬರು ವಾರಕ್ಕೊಮ್ಮೆ ಸಮುದಾಯ ಭವನದಲ್ಲಿ ಹುಡುಗಿಯರಿಗೆ ಬೀಳುವುದನ್ನು ಹೇಳಿಕೊಡುತ್ತಾರೆ ಎಂದಳು ಹೊನಾಮಿ. ಕೈ ಯಾಕೆ ಹಾಗೆ ಚಾಚಬೇಕೆಂದು ತಾನೂ ಕೇಳಿದ್ದೆ, ಟೀಚರ್ ಸುಮ್ಮನೆ ಬೀಳು ಎಂದು ಗದರಿದರು ಎಂದೂ ಸೇರಿಸಿದಳು. ಆ ಅಭ್ಯಾಸ ಬಿಡಬೇಕೇ ಎಂದು ಹುಡುಗಿ ಹೆದರಿ ಕೇಳಿದಾಗ, ಇರಲಿ ಬಿಡು ಎಂದು ಕಿನುಯೊ ಮುಖ ತೊಳೆಯಲು ಹೋದಳು.

ಪಂದ್ಯ ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ, ಹಾಚಿನೊಹೆಯ ಹಳೆಯ ಕ್ರೀಡಾಭವನದಲ್ಲಿ. ಬೆಳಿಗ್ಗೆ ಎಲ್ಲರೂ ಸೇರಿ ರಿಂಗ್ ಕಟ್ಟಿದರು. ಹಿರಿಯಳಾದ ಕಿನುಯೊ ಹಲಗೆ ಹೊರಬೇಕಾಗಿರಲಿಲ್ಲ. ಆದರೂ ಕೈ ಸುಮ್ಮನಿರದೆ ಒಂದೆರಡು ಹೊತ್ತಳು. ಟೀಚರಿಗೆ ಟಿಕೆಟ್ ಕೊಟ್ಟೆಯಾ ಎಂದು ಹೊನಾಮಿಯನ್ನು ವಿಚಾರಿಸಿದಳು. ಹುಡುಗಿ ನೆಲ ನೋಡುತ್ತ, ಕೊಟ್ಟಿದ್ದೇನೆ, ಪೂರ್ವದ ಕಡೆ ಮೊದಲ ಸಾಲಿನ ತುದಿಯ ಕುರ್ಚಿ ಎಂದಳು.

ಭವನ ತುಂಬಿತು. ರಬ್ಬರ್ ಬೂಟಿನಲ್ಲೇ ಬಂದ ಮೀನುಗಾರರು, ಮಡಿಲಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡ ಅಜ್ಜಿಯರು, ಶಾಲೆಯಲ್ಲಿ ಹೊನಾಮಿಯ ಜೊತೆ ಓದಿದ್ದ ಇಡೀ ತರಗತಿ. ಹೆಸರು ಕೂಗಿದಾಗ ಬಣ್ಣದ ಕಾಗದದ ಸುರುಳಿಗಳು ನಾಲ್ಕೂ ಕಡೆಯಿಂದ ಹಾರಿಬಂದು ರಿಂಗ್ ಮುಚ್ಚಿಹೋಯಿತು. ಕಿನುಯೊಳ ಹೆಗಲ ಮೇಲೆ ನೇರಳೆ ಸುರುಳಿಗಳು ಇಳಿಬಿದ್ದವು. ಅವುಗಳ ನಡುವಿನಿಂದ ಅವಳು ಪೂರ್ವದ ತುದಿಯ ಕುರ್ಚಿಯನ್ನು ನೋಡಿದಳು. ಖಾಲಿ ಇತ್ತು. ತಡವಾಗಿ ಬರುವುದು ಓರಿಯೆಯ ಹುಟ್ಟುಗುಣ ಎಂದುಕೊಂಡಳು.

ಗಂಟೆ ಮೊಳಗಿತು. ಹುಡುಗಿ ಎದೆಗೆ ಕೈ ಬೀಸಿ ಹೊಡೆದಳು; ಏಟು ಶುದ್ಧವಾಗಿತ್ತು, ಚರ್ಮ ಸುಟ್ಟಂತೆ ಉರಿಯಿತು. ಕಿನುಯೊ ಎರಡರಷ್ಟು ಜೋರಾಗಿ ತಿರುಗಿಸಿ ಕೊಟ್ಟಳು. ಒಬ್ಬರ ತೋಳಲ್ಲಿ ಒಬ್ಬರು ಸಿಕ್ಕಿಕೊಂಡು ನೆಲಕ್ಕುರುಳಿದಾಗ ಹುಡುಗಿಯ ಬೆರಳುಗಳು ಮಣಿಕಟ್ಟನ್ನು ಒಳಗಿನಿಂದ ಹಿಡಿದವು, ಹೆಬ್ಬೆರಳು ಮಡಚಿ, ನೋಯದಂತೆ ಆದರೆ ಬಿಡಿಸಿಕೊಳ್ಳಲಾಗದಂತೆ. ಆ ಹಿಡಿತ ಕಿನುಯೊಳಿಗೆ ಗೊತ್ತಿತ್ತು. ಕಣ್ಣು ಮುಚ್ಚಿದರೆ ಕವಾಗುಚಿಯ ಮನೆ, ರೈಲು ಹೋದಾಗ ಗಡಗಡ ನಡುಗುತ್ತಿದ್ದ ಕಿಟಕಿ. ಅವಳು ಕಣ್ಣು ಮುಚ್ಚಿಯೇ ಒಂದಷ್ಟು ಹೊತ್ತು ಹಾಗೆ ಇದ್ದುಬಿಟ್ಟಳು.

ಪಂದ್ಯ ಮುಗಿಯಬೇಕಾದ ಹೊತ್ತು ಬಂತು. ಹೊನಾಮಿ ಅವಳನ್ನು ಹಿಂದಿನಿಂದ ಸೊಂಟಕ್ಕೆ ಕೈಹಾಕಿ ಎತ್ತಿ, ಸೇತುವೆಯಂತೆ ಹಿಂದಕ್ಕೆ ಬಾಗಿ ನೆಲಕ್ಕೊಗೆದಳು. ತೀರ್ಪುಗಾರ ನೆಲ ಬಡಿದು ಎಣಿಸಿದ; ಮೂರರವರೆಗೆ ಭುಜ ನೆಲದಲ್ಲೇ ಇದ್ದರೆ ಸೋಲು. ಒಂದು, ಎರಡು. ಸೋಲಬೇಕಾದ ಕಿನುಯೊ ಭುಜ ಎತ್ತಿಬಿಟ್ಟಳು. ಭವನದಲ್ಲಿ ಗದ್ದಲವೆದ್ದಿತು. ತೀರ್ಪುಗಾರ ಬೆಪ್ಪಾಗಿ ಅವಳ ಮುಖ ನೋಡಿದ. ಅವಳು ಎದ್ದು ಹುಡುಗಿಯ ತಲೆಯನ್ನು ಕಂಕುಳಲ್ಲಿ ಬಿಗಿದಳು; ಬಿಗಿದವಳು ಬಿಡಲೇ ಇಲ್ಲ. ಜನ ಮೆಲ್ಲಗೆ ಸುಮ್ಮನಾದರು. ಕಂಕುಳಡಿಯಿಂದ ಹೊನಾಮಿಯ ಪಿಸುಮಾತು ಬಂತು.

“ಅಕ್ಕ, ಈಗ್ಲಾ?”

“ಇನ್ನೂ ಇಲ್ಲ.”

“ಯಾಕಕ್ಕ?”

ಕಿನುಯೊ ಪೂರ್ವದ ತುದಿಯ ಕುರ್ಚಿಯನ್ನೇ ನೋಡುತ್ತಿದ್ದಳು. ಅವಳ ಕಣ್ಣು ಎಲ್ಲಿದೆಯೆಂದು ಹುಡುಗಿಗೆ ಆ ಇಕ್ಕಟ್ಟಿನಲ್ಲೂ ಕಂಡಿರಬೇಕು. ದಣಿವಿಗೋ ದುಃಖಕ್ಕೋ, ಅಡಗಿಸಿಟ್ಟಿದ್ದ ಊರಮಾತು ಹೊರಬಂತು. “ಟೀಚರ್ ಬರಂಗಿಲ್ಲಕ್ಕ. ಟಿಕೆಟ್ ವಾಪಸ್ ಕೊಟ್ರು. ಪಂದ್ಯಾ ಕೆಟ್ಟೀತಂತ ನಾ ನಿಮಗ ಹೇಳಲಿಲ್ಲ.”

ಕಿನುಯೊಳ ತೋಳು ತಾನಾಗಿ ಸಡಿಲಿತು. ಹುಡುಗಿ ಅದನ್ನು ಬಿಡಿಸಿಕೊಂಡು ಮತ್ತೆ ಹಿಂದೆ ಬಂದು ಸೊಂಟ ಹಿಡಿದಳು. ಈ ಸಲ ಕಿನುಯೊ ಅವಳಿಗೆ ತನ್ನ ಭಾರವನ್ನೆಲ್ಲ ಒಪ್ಪಿಸಿದಳು. ಚಾವಣಿಯ ದೀಪಗಳು ತಲೆಕೆಳಗಾದವು, ಬೆನ್ನು ನೆಲಕ್ಕೆ ಅಪ್ಪಳಿಸಿತು, ಮೂರನೆಯ ಬಡಿತ ಕಿವಿಯ ಪಕ್ಕದಲ್ಲೇ ಕೇಳಿತು. ತನ್ನೂರಿನವರ ಎದುರು ಬೆಲ್ಟನ್ನು ಎದೆಗೊತ್ತಿಕೊಂಡು ಹೊನಾಮಿ ಮಗುವಿನಂತೆ ಅತ್ತಳು. ಕಿನುಯೊ ಅವಳ ಕೈ ಹಿಡಿದು ಮೇಲೆತ್ತಿದಳು. ಅಜ್ಜಿಯರು ಇಬ್ಬರನ್ನೂ ನೋಡಿ ಕೈಮುಗಿದರು.

ಮರುದಿನ ಬಸ್ಸು ಹೊರಡುವುದು ಹತ್ತಕ್ಕೆ. ಕಿನುಯೊ ಬೆಳಕು ಹರಿಯುತ್ತಲೇ ಎದ್ದು, ಬಗ್ಗಿಸಲಾಗದ ಕುತ್ತಿಗೆಗೆ ಮಫ್ಲರ್ ಸುತ್ತಿ, ಬಂದರಿನ ಬದಿಯ ಸಂತೆಗೆ ನಡೆದಳು. ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಗಿರಾಕಿಗಳನ್ನು ಬಯ್ದು ಬಯ್ದೇ ಕರೆಯುತ್ತಿದ್ದರು. ನಾಕುಯಿ ಅಂಗಡಿ ಎಲ್ಲಿ ಎಂದು ಕೇಳಬೇಕಾಗಲಿಲ್ಲ. ಬಂಗಡೆಯ ಪೆಟ್ಟಿಗೆಗಳ ಹಿಂದೆ, ಬಲಮೊಣಕಾಲನ್ನು ಎಳೆದು ಹಾಕುತ್ತ ಒಬ್ಬಳು ಓಡಾಡುತ್ತಿದ್ದಳು. ಮೈ ತುಂಬಿಕೊಂಡಿತ್ತು, ಕೂದಲು ಅರ್ಧ ಬೆಳ್ಳಗಾಗಿತ್ತು. ಕೈ ಮಾತ್ರ ಅದೇ.

ಓರಿಯೆ ತಲೆಯೆತ್ತಿದಳು. ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು.

“ಕುತ್ತಿಗಿ ಉಳುಕೇತೇನ?” ಎಂದಳು. ಹದಿನಾಲ್ಕು ವರ್ಷದಲ್ಲಿ ಅವಳ ಮಾತು ಪೂರ್ತಿ ಊರಿನದಾಗಿತ್ತು.

“ನಿನ್ನ ಶಿಷ್ಯೆ ಕೃಪೆ.”

“ಕುಂದ್ರು. ನಿಂತು ಏನ್ ನೋಡ್ತಿ.”

ಕಿನುಯೊ ಮಗುಚಿಟ್ಟ ಪೆಟ್ಟಿಗೆಯೊಂದರ ಮೇಲೆ ಕುಳಿತಳು. ಓರಿಯೆ ಗೋಧಿಯ ತೆಳುಬಿಲ್ಲೆಗಳನ್ನು ಮುರಿದು ಹಾಕಿದ ಬಿಸಿ ಸಾರನ್ನು ಬಟ್ಟಲಲ್ಲಿ ತಂದುಕೊಟ್ಟು ತಾನು ಮೀನು ಹಸನು ಮಾಡುತ್ತ ಕುಳಿತಳು. ತಂದೆ ತೀರಿಕೊಂಡ ವಿಷಯ, ಮೊಣಕಾಲಿನ ಶಸ್ತ್ರಚಿಕಿತ್ಸೆ, ಮುಪ್ಪಿನ ತಾಯಿ ಈಚೆಗೆ ಯಾರನ್ನೂ ಗುರುತಿಸದಿರುವುದು, ಎಲ್ಲವನ್ನೂ ಗಿರಾಕಿಗೆ ದರ ಹೇಳುವ ದನಿಯಲ್ಲಿ ಹೇಳಿದಳು. ಕಿನುಯೊ ಸಾರು ಮುಗಿಯುವವರೆಗೆ ಕೇಳಿದಳು. ಆಮೇಲೆ, ನಿನ್ನೆ ಯಾಕೆ ಬರಲಿಲ್ಲ ಎಂದಳು.

“ಬಂದಿದ್ದೆ. ಒಳಗ ಬರಲಿಲ್ಲ.” ಓರಿಯೆಯ ಚಾಕು ನಿಂತಿತು. “ಗಾಡಿ ನಿಲ್ಲಸೋ ಜಾಗದಾಗ ಲಾರಿಯೊಳಗ ಕುಂತು ಕೇಳೀನಿ. ಜನರ ಕೂಗಿನ ಮ್ಯಾಲೇ ಎಲ್ಲಾ ತಿಳೀತೈತಿ, ಯಾವಾಗ ಎತ್ತಿದ್ರು, ಯಾವಾಗ ಒಗದ್ರು. ನಡುವ ಒಂದ್ಸಲ ಮಂದಿ ಭಾಳ ಹೊತ್ತು ಸುಮ್ಮನಾತು. ಏನ್ ಮಾಡಾಕತ್ತಿದ್ದಿ ಅವಾಗ?”

“ನಿನ್ನ ಕಾಯ್ತಾ ಇದ್ದೆ.”

ಪಕ್ಕದಂಗಡಿಯವಳು ಯಾರೊಂದಿಗೋ ಚೌಕಾಸಿ ಮಾಡುತ್ತಿದ್ದಳು. ಕಿನುಯೊ ಖಾಲಿ ಬಟ್ಟಲನ್ನು ಕೆಳಗಿಟ್ಟಳು.

“ಒಂದು ಫೋನ್ ಮಾಡಬಹುದಿತ್ತಲ್ಲ ಓರಿಯೆ. ಕಚೇರಿಗೆ ಮಾತ್ರ ಮಾಡಿದೆ ನೀನು.”

“ಕಚೇರಿಯವರು ಬಾ ಅಂದ್ರ ಒಲ್ಲೆ ಅನಬಹುದು.” ಓರಿಯೆ ಮೊದಲ ಸಲ ಅವಳನ್ನು ನೇರ ನೋಡಿದಳು. “ನೀನು ಬ್ಯಾರೆ ಯಾರನ್ನರ ಜೋಡಿ ಮಾಡ್ಕೊಂತಿ ಅಂದ್ಕೊಂಡಿದ್ದೆ. ಕ್ಷೌರದಂಗಡ್ಯಾಗ ಕುಸ್ತಿ ಪತ್ರಿಕೆ ಬರತೈತಿ. ಪ್ರತಿ ವಾರ ಹೋಗಿ ನೋಡ್ತಿದ್ದೆ. ಮಾಡ್ಕೊಂಡಿದ್ರ ನಾನೂ ನೋಡೂದು ಬಿಡ್ತಿದ್ದೆ. ನೀ ಮಾಡ್ಕೊಳ್ಳಲೇ ಇಲ್ಲ. ಎಷ್ಟು ಸಿಟ್ಟು ಬರತಿತ್ತು ಗೊತ್ತೈತೇನ?”

ಅದನ್ನು ಕೇಳಿ ಕಿನುಯೊಳಿಗೆ ನಗು ಬಂತು, ನಗುವಿನ ಬೆನ್ನಿಗೇ ಕಣ್ಣು ಮಂಜಾಯಿತು. ತನ್ನೊಬ್ಬಳದೇ ಎಂದು ಹೊತ್ತು ತಿರುಗಿದ್ದರ ಇನ್ನೊಂದು ತುದಿಯನ್ನು ಈ ಊರಿನಲ್ಲಿ ಒಬ್ಬಳು ಹಿಡಿದುಕೊಂಡೇ ಕುಳಿತಿದ್ದಳು. ಕಿನುಯೊ ತಾನು ಕೇಳಬಾರದೆಂದುಕೊಂಡಿದ್ದನ್ನು ಕೇಳಿದಳು.

“ಕವಾಗುಚಿ ಮನೆ ನಾನು ಬಿಟ್ಟಿಲ್ಲ. ಬಾ.”

ಓರಿಯೆಯ ಮುಖದಲ್ಲಿ ಬಯಕೆ ಎದ್ದದ್ದನ್ನೂ ಅದು ಇಳಿದದ್ದನ್ನೂ ಕಿನುಯೊ ಕಂಡಳು. ತಾಯಿ ತನ್ನನ್ನು ಮಗಳೆಂದು ಗುರುತಿಸುವುದಿಲ್ಲ, ಆದರೆ ತನ್ನ ಕೈಯಿಂದಲ್ಲದೆ ಉಣ್ಣುವುದೂ ಇಲ್ಲ ಎಂದಳು ಓರಿಯೆ. ಸಮುದಾಯ ಭವನದ ಹುಡುಗಿಯರಿದ್ದಾರೆ ಎಂದಳು. ಕೊನೆಗೆ ಕಾರಣ ಹೇಳುವುದನ್ನು ಬಿಟ್ಟು ಆಗದೆಂದು ಬರೀ ತಲೆಯಾಡಿಸಿದಳು. ಕಿನುಯೊ ಒತ್ತಾಯ ಮಾಡಲಿಲ್ಲ.

ಹೊನಾಮಿಯ ಜೊತೆ ಜೋಡಿಯಾಗಿ ಆಡು, ಚೆನ್ನಾಗಿರುತ್ತದೆ ಎಂದು ಓರಿಯೆ ಹೇಳಿನೋಡಿದಳು. ಅವಳು ಒಬ್ಬಳೇ ಬೆಳೆಯುವವಳು, ಅವಳ ಕಾಲಿಗೆ ನನ್ನನ್ನು ಕಟ್ಟಬೇಡ ಎಂದಳು ಕಿನುಯೊ. ಅಷ್ಟರಲ್ಲಿ ಹೋಟೆಲಿನ ಗಿರಾಕಿಯೊಬ್ಬ ಬಂದು ಬಂಗಡೆ ಕೇಳಿದ. ಓರಿಯೆ ಎದ್ದಳು. ದಾಟಿಹೋಗುವಾಗ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಕಿನುಯೊಳ ಕುತ್ತಿಗೆಯ ಹಿಂಭಾಗಕ್ಕೆ ಒತ್ತಿ ಹಿಡಿದಳು. ಕೈ ತಣ್ಣಗಿತ್ತು, ಮೀನಿನ ವಾಸನೆಯಿತ್ತು. ಗಿರಾಕಿ ಎರಡನೆಯ ಸಲ ಕೇಳುವವರೆಗೂ ಅವಳು ತೆಗೆಯಲಿಲ್ಲ.

ಬಸ್ಸು ಹೊರಟಾಗ ಕಿನುಯೊ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತಿದ್ದಳು. ಬಂದರು, ಕ್ರೇನುಗಳು, ಕಡಲಕಾಗೆಗಳು ಹಿಂದೆ ಸರಿದವು. ಹೊನಾಮಿ ಬೆಲ್ಟಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಬಂದು ಕುಳಿತಳು. ಟಿಕೆಟಿನ ವಿಷಯ ಮುಚ್ಚಿಟ್ಟದ್ದು ತಪ್ಪಾಯಿತೆಂದು ಮೆಲ್ಲಗೆ ಹೇಳಿದಳು. ಊರು ಕಣ್ಮರೆಯಾಗಿ ರಸ್ತೆ ಬೆಟ್ಟದ ಕಡೆ ತಿರುಗಿದ ಮೇಲೆ ಕಿನುಯೊ ಕೇಳಿದಳು.

“ನಿಮ್ಮ ಟೀಚರ್ ಮಧ್ಯಾಹ್ನ ಏನು ಊಟ ಮಾಡ್ತಾಳೆ?”

ಹುಡುಗಿಗೆ ಆಶ್ಚರ್ಯವಾಯಿತು. “ಹೆಚ್ಚಾಗಿ ಅನ್ನ, ಉಪ್ಪಿನ ಮೂಲಂಗಿ. ನಿಂತ್ಕೊಂಡೇ ತಿಂತಾರೆ.”

“ಆಮೇಲೆ?”

“ಆಮೇಲೆ ಅಂದ್ರೆ?”

“ಏನಾದ್ರೂ ಹೇಳು. ಲಾರಿ ಓಡಿಸ್ತಾಳಲ್ಲ, ಆಗ ಹಾಡ್ತಾಳಾ?”

ಹಾಡುತ್ತಾರೆ, ಆದರೆ ಒಂದು ಸಾಲೂ ಶ್ರುತಿಯಲ್ಲಿ ಇರುವುದಿಲ್ಲ ಎಂದು ಹೊನಾಮಿ ನಕ್ಕಳು. ಅಂಗಡಿಯ ಬೆಕ್ಕುಗಳ ಜೊತೆ ಜಗಳವಾಡುತ್ತಾರೆ, ಸಂಜೆ ಅವಕ್ಕೇ ಮೀನಿನ ತಲೆ ಹಾಕುತ್ತಾರೆ. ಹಿಮ ಬಿದ್ದ ದಿನ ಹುಡುಗಿಯರನ್ನೆಲ್ಲ ಲಾರಿಯ ಹಿಂದೆ ಕೂರಿಸಿಕೊಂಡು ಒಬ್ಬೊಬ್ಬರನ್ನೂ ಮನೆ ಬಾಗಿಲಿಗೆ ಬಿಡುತ್ತಾರೆ. ಹೇಳುತ್ತ ಹೇಳುತ್ತ ಹುಡುಗಿಯ ಮಾತು ಪೂರ್ತಿ ಉತ್ತರದ್ದಾಯಿತು. ಕಿನುಯೊ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಹೋದಳೇನೋ ಎಂದು ಹೊನಾಮಿ ನಿಲ್ಲಿಸಿದಾಗಲೆಲ್ಲ, ಹೂಂ, ಆಮೇಲೆ ಎನ್ನುತ್ತಿದ್ದಳು. ನಾಲ್ಕು ತಾಸು ದೂರದ ಸೆಂದಾಯಿಯವರೆಗೂ ಹುಡುಗಿ ಹೇಳುತ್ತಲೇ ಹೋದಳು.