ಪಿಸುಮಾತಿನಲ್ಲಿ ಬೈಯುವ ಡಾಕ್ಟರು

ಡಾಕ್ಟರ್ ಧನಪಾಲ್ ತುದಿಗಾಲಿನಲ್ಲಿ ನಡೆಯುವವರು. ಗೂಳಿಯಂಥ ದೇಹ, ಆದರೆ ತೇನಿಯ ಬಸ್‌ಸ್ಟ್ಯಾಂಡಿನ ಗದ್ದಲದ ನಡುವೆಯೂ, ಊರಿಗೆ ಊರೇ ಈಗಷ್ಟೇ ನಿದ್ದೆಹೋದ ಕೂಸೋ ಎಂಬಂತೆ ಹೆಜ್ಜೆಯಿಡುವರು. ನಾನು ಅವರನ್ನು ಮೊದಲು ಕಂಡದ್ದು ಅವರ ಆಸ್ಪತ್ರೆಯಲ್ಲೇ, ಸ್ಟೂಲು ಹತ್ತಿ ಟ್ಯೂಬ್‌ಲೈಟಿಗೆ ನೀಲಿ ಬಟ್ಟೆ ಸುತ್ತುತ್ತಿದ್ದಾಗ. ಬಿಳಿ ಕೋಟು ಮೈಮೇಲಿರಲಿಲ್ಲ. ಅದು ಬಿಸಿಲಿಗೆ ಪರದೆಯಾಗಿ ಕಿಟಕಿಯಲ್ಲಿ ನೇತಾಡುತ್ತಿತ್ತು. ಕಂಬಂನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಂಬಳಕ್ಕಿದ್ದ ನನಗೆ ಸ್ಟೂಲು ಹತ್ತಿದವರೆಲ್ಲ ವೈರ್‌ಮ್ಯಾನ್‌ಗಳೇ. "ಅಣ್ಣಾ, ಚೋಕ್ ಹೋಗಿದ್ರೆ ನಮ್ಮಂಗಡಿಗೆ ಬಾ, ಕಮ್ಮಿಗೆ ಕೊಡಿಸ್ತೀನಿ" ಎಂದೆ. ಅವರು ನಿಧಾನವಾಗಿ ಇಳಿದು ನನ್ನ ಕಿವಿಗೆ ಬಾಯಿಟ್ಟರು.

"ಒಳಗಿರೋ ಏಳು ತಿಂಗ್ಳಿಗೇ ಹುಟ್ಟಿದ ಕೂಸು ನಿಂದಾ ತಂಬಿ? ಹಂಗಾರೆ ಮೊದ್ಲು ಆ ಬಾಯಿ ಆಫ್ ಮಾಡು."

ಚಿನ್ನಮನೂರಿನ ಒಕ್ಕಲು ಮನೆತನದ ಅವರೂ ನಮ್ಮಂತೆ ತಮಿಳುನಾಡಿನಲ್ಲಿ ನೆಲೆಸಿದ ಕನ್ನಡದವರೇ. ಲೋಕದೊಂದಿಗೆ ತಮಿಳು, ಸಿಟ್ಟು ಮಾತ್ರ ಮನೆಯ ಕನ್ನಡದಲ್ಲಿ, ಅದೂ ಪಿಸುಮಾತಿನಲ್ಲಿ. ಗಟ್ಟಿಯಾಗಿ ಬೈಸಿಕೊಂಡವನು ಎದುರುತ್ತರ ಕೊಡಬಹುದು. ಪಿಸುಮಾತಿನಲ್ಲಿ ಬೈಸಿಕೊಂಡವನು ಬಗ್ಗಿ ಕೇಳಿಸಿಕೊಳ್ಳಬೇಕು.

ಆಡಿ ತಿಂಗಳಲ್ಲಿ ಬರಬೇಕಾಗಿದ್ದ ನನ್ನ ಮಗಳು ಮಣಿಮೇಗಲೈ ಎರಡೂವರೆ ತಿಂಗಳು ಮೊದಲೇ, ತೊಂಬತ್ತೆಂಟರ ಚಿತ್ತಿರೈಯಲ್ಲೇ ಬಂದುಬಿಟ್ಟಿದ್ದಳು. ಡಾಕ್ಟರು ನನ್ನ ಅಂಗಿ ಬಿಚ್ಚಿಸಿ, ಆ ಹಿಡಿಯಷ್ಟು ಜೀವವನ್ನು ಮೈಕಾವಿಗೆಂದು ನನ್ನ ಎದೆಗೆ ಕಟ್ಟಿ, "ಕೂಸಿನತ್ರ ಮಾತಾಡು" ಎಂದು ಆಜ್ಞಾಪಿಸಿದರು. ದಿನವಿಡೀ ಗಿರಾಕಿಗಳ ತಲೆ ತಿನ್ನುವ ನನಗೆ ಆಗ ತೋಚಿದ್ದು ಬಲ್ಬಿನ ಬೆಲೆ ಮಾತ್ರ. ನಲವತ್ತು ವಾಟಿನದು, ಅರವತ್ತರದು, ಅದನ್ನೇ ಒಪ್ಪಿಸಿದೆ. ವರಾಂಡದಲ್ಲಿದ್ದ ನನ್ನ ಅತ್ತೆ ಮಾರಿಯಮ್ಮಾಳ್, "ಮಾಪಿಳ್ಳೆ ಎದೇಲಿ ಕೂಸ ಕಟ್ಕಂಡು ಯಾವಾರ ಮಾಡ್ತಾವ್ರೆ, ಏನ್ ಗಾಚಾರವೋ" ಎಂದು ಅಳಿಯನಾದ ನನ್ನನ್ನು ಕಂಡು ಹಣೆ ಚಚ್ಚಿಕೊಂಡರು.

ಆಮೇಲಿನ ಪ್ರತಿ ಭೇಟಿಯಲ್ಲೂ ನಾನು ಕೇಳಿದ್ದು ಒಂದೇ: ಕೂಸಿನ ಬುದ್ಧಿ ನೆಟ್ಟಗಿದೆಯೇ? ಅವರು ಸ್ಕೂಟರಿನ ಕೀಲಿಗೊಂಚಲನ್ನು ಅವಳ ಮುಂದೆ ಆಡಿಸಿ, ಕಣ್ಣು ಹೊರಳುವುದನ್ನು ಧ್ಯಾನಸ್ಥರಂತೆ ದಿಟ್ಟಿಸಿ, "ನೋಡಾಣ" ಎನ್ನುವರು. ಆ ಪದ ಕೇಳಿದರೆ ನನಗೆ ಮೈಯೆಲ್ಲ ಉರಿಯತೊಡಗಿತು.

ಒಂಬತ್ತನೆಯ ತಿಂಗಳು ಕಿವಿ ಚುಚ್ಚುವ ಶಾಸ್ತ್ರ. ಸೋದರಮಾವ ಸೇಕರನ ತೊಡೆಯ ಮೇಲೆ ಕೂರಿಸಿದರೆ, ಕಟ್ಟು ಬಿಚ್ಚಿದ ಮೂಟೆಯಂತೆ ಪಕ್ಕಕ್ಕೆ ಜಾರಿದಳು. ನೆಂಟರ ಪೈಕಿ ಕರುಪ್ಪಾಯಿ, "ಇನ್ನೂ ಕೂರಾಕಿಲ್ವಾ? ಮಂಡೇಲಿ ಏನಾರ ಕೊರೆ ಇದ್ದಾತು, ತೋರ್ಸಿ" ಎಂದಳು. ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದವರ ಕೈ ನಿಂತಿತು.

ಮರುದಿನ ಡಾಕ್ಟರ ಬಳಿ ಓಡಿದೆ. "ಚಿತ್ತಿರೈಯಿಂದ ಯಾಕ್ಲಾ ಎಣಿಸ್ತೀಯಾ? ಆಡಿಯಿಂದ ಎಣಿಸು" ಎಂದು ಪಿಸುಗುಟ್ಟಿದರು. ಅತಿಬುದ್ಧಿವಂತನಾದ ನಾನು ಅಲ್ಲಿಂದ ನೇರವಾಗಿ ಜೋಯಿಸ ಪಿಚ್ಚೈಯ ಮನೆಗೆ ಹೋಗಿ, ಮಗಳು ಆಡಿಯಲ್ಲಿ ಹುಟ್ಟಿದಳೆಂದು ಹೊಸ ಜಾತಕವನ್ನೇ ಬರೆಸಿದೆ.

"ಒಂದು ಕೂಸಿಗೆ ಎರಡು ಹುಟ್ಟಾ? ನಾಳೆ ಯಾವ ಜಾತಕಕ್ಕೆ ಗಂಡು ನೋಡೋದು ಮಾಪಿಳ್ಳೆ?" ಎಂದ ಅತ್ತೆ, ಎರಡೂ ಜಾತಕ, ಕೂಸು, ನಾನು, ಎಲ್ಲವನ್ನೂ ಎಳೆದುಕೊಂಡು ತೇನಿಗೆ ಬಂದರು. ಡಾಕ್ಟರು ಜಾತಕಗಳನ್ನು ನೋಡಿದರು. ಆಮೇಲೆ, ಸುಟ್ಟುಹೋದ ಚೋಕನ್ನು ನೋಡುವಂತೆ, ನನ್ನನ್ನು.

"ಹುಟ್ಟಿದ್ದು ಚಿತ್ತಿರೈಲೇ ಕಣಮ್ಮಾ, ಗ್ರಹಕ್ಕೆ ಅದೇ ಲೆಕ್ಕ. ನಾನಂದಿದ್ದು ಮಂಡೆ ಲೆಕ್ಕ. ಹೊಟ್ಟೆ ಕತ್ತಲಲ್ಲಿ ಬೆಳೀಬೇಕಿದ್ದ ಮಿದುಳು ಇವನು ಮಾರೋ ಟ್ಯೂಬ್‌ಲೈಟ್ ಕೆಳಗೆ ಬೆಳೀತು. ಆ ಎರಡೂವರೆ ತಿಂಗಳು ಅದಕ್ಕೆ ಬಿಟ್ಕೊಡಿ."

ಗ್ಯಾರಂಟಿ ಕೊಡಲೊಲ್ಲದ ಒಂದು ಜಾತಿಯ ಜನ ಲೋಕದಲ್ಲಿದ್ದಾರೆ. ಸುಳ್ಳು ಸಮಾಧಾನವೊಂದನ್ನು ಎಸೆದರೆ ನಾವು ಕೈಮುಗಿದು ಮನೆಗೆ ಹೋಗುತ್ತೇವೆಂದು ಬಲ್ಲರು, ಆದರೂ ಎಸೆಯರು. ಅವರನ್ನು ಸಹಿಸುವುದು ಕಷ್ಟ, ಬಿಟ್ಟು ಬೇರೆಯವರ ಬಳಿಗೆ ಹೋಗುವುದು ಇನ್ನೂ ಕಷ್ಟ.

ಅಂದು ನನ್ನ ಸಹನೆ ಕಟ್ಟೆಯೊಡೆಯಿತು. "ನಮ್ಮಂಗಡೀಲಿ ಸ್ವಿಚ್ಚಿಗೂ ಗ್ಯಾರಂಟಿ ಕೊಡ್ತೀವಿ ಸಾರ್. ಒಂದೇ ಮಾತು ಹೇಳ್ಬಿಡಿ. ನನ್ ಮಗಳು ಮಂದ ಆಯ್ತಾಳಾ?"

ಡಾಕ್ಟರು ಕೀಲಿಗೊಂಚಲನ್ನು ಕೂಸಿನ ಕೈಗೆ ಕೊಟ್ಟರು.

"ಗೊತ್ತಿಲ್ಲ. ಗೊತ್ತಾಗೋಗಂಟ ಮಾತಾಡ್ತಾ ಇರು. ಅವಳತ್ರ. ನನ್ನತ್ರ ಅಲ್ಲ."