ಎರವಲು ತಂದ ಸೂಕ್ಷ್ಮದರ್ಶಕ

"ಏನಮ್ಮ ಕಾಣ್ತಾ ಇದೆ?" ಎಂದು ತಪಾಸಣೆಗೆ ಬಂದ ಅಧಿಕಾರಿ ಕೇಳಿದಾಗ ವಿಜ್ಞಾನದ ಟೀಚರಿಗೆ ದಿಗಿಲಾಯಿತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಗ್ಗಿದ್ದವಳು ದರ್ಜಿಯ ಮಗಳು. ಓದಿನಲ್ಲಿ ಚುರುಕು, ಮಾತಂತೂ ಅರಳು ಹುರಿದಂತೆ. ಆದರೆ ಆ ಉಪಕರಣವನ್ನು ಅವಳು ಕಂಡದ್ದೇ ಆ ಬೆಳಗ್ಗೆ.

ಮೊದಲೇ ಕಾಣಲು ಅದು ಈ ಶಾಲೆಯದಾಗಿದ್ದರೆ ತಾನೆ! ದೊಡ್ಡವರ ಬಡಾವಣೆಯ ಶಾಲೆಯಿಂದ ಹೆಡ್‌ಮಾಸ್ಟರು ಕೈಕಾಲು ಹಿಡಿದು ಒಂದು ದಿನದ ಮಟ್ಟಿಗೆ ತರಿಸಿದ್ದರು. ಅದೂ ಸರ್ಕಾರದ್ದೇ ಶಾಲೆ, ಇದೂ ಸರ್ಕಾರದ್ದೇ. ಅಲ್ಲಿ ಗಾಜಿನ ಬೀರುಗಳ ತುಂಬ ಸಾಮಾನು. ಇಲ್ಲಿನ ಬೀರುವಿಗೆ ಬಾಗಿಲೇ ಇಲ್ಲ. "ಬರಿಗೈ ತೋರಿಸಿದರೆ ಶಾಲೆಗೇ ಬೀಗ ಜಡೀತಾರೆ ಮೇಡಂ, ನೀವು ಬಾಯಿ ಬಿಡಬೇಡಿ," ಎಂದಿದ್ದರು ಹೆಡ್‌ಮಾಸ್ಟರು. ಟೀಚರ್ ಬಿಟ್ಟಿರಲಿಲ್ಲ.

"ಈರುಳ್ಳಿ ಸಿಪ್ಪೆ ಸಾರ್," ಹುಡುಗಿ ಪಟಪಟನೆ ಹೇಳಿದಳು. "ಜೀವಕೋಶಗಳು ಇಟ್ಟಿಗೆ ಜೋಡಿಸಿದ ಹಾಗೆ ಕಾಣ್ತವೆ. ಒಂದೊಂದರಲ್ಲೂ ಒಂದು ಚುಕ್ಕೆ." ಪುಸ್ತಕದಲ್ಲಿದ್ದ ಮಾತೇ, ಅಕ್ಷರ ಬಿಡದೆ.

"ಭೇಷ್! ನಿಮಗೇನೂ ಕೊರತೆ ಇಲ್ಲ ಬಿಡಿ. ಪ್ರಯೋಗಾಲಯದ ಹಣ ಈ ಸಲ ಇಲ್ಲದ ಶಾಲೆಗೆ ಹೋಗಲಿ," ಎಂದರು ಅಧಿಕಾರಿ. ಹೆಡ್‌ಮಾಸ್ಟರು ಹಲ್ಲು ಕಿರಿದರು.

ಅಧಿಕಾರಿಯ ಜೀಪು ಹೋಯಿತು. ಅದರ ಬೆನ್ನಿಗೇ ಬಡಾವಣೆಯ ಶಾಲೆಯ ವ್ಯಾನು ಬಂದು ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಹೇರಿಕೊಂಡು ಹೊರಟಿತು. ಆಗ ಹುಡುಗಿ ಟೀಚರ ಪಕ್ಕಕ್ಕೆ ಬಂದು ನಿಂತಳು.

"ಮಿಸ್, ನನ್ನ ಕಣ್ಣು ಹಾಳಾಗಿದೆಯಾ?"

"ಯಾಕೇ, ಏನಾಯ್ತು?"

"ಅದರೊಳಗೆ ಬರೀ ಕತ್ತಲೆ ಇತ್ತು. ನಿಮ್ಮ ಮರ್ಯಾದೆ ಹೋಗುತ್ತಲ್ಲ ಅಂತ ಪುಸ್ತಕದ್ದೇ ಹೇಳಿಬಿಟ್ಟೆ. ನಮ್ಮಪ್ಪನಿಗೂ ಈಗ ಸೂಜಿಗೆ ದಾರ ಪೋಣಿಸೋಕಾಗಲ್ಲ. ನನಗೂ ಹಾಗೇ ಆಯ್ತಾ?"

ಟೀಚರಿಗೆ ಆಗ ಹೊಳೆಯಿತು. ಸೂಕ್ಷ್ಮದರ್ಶಕದ ಕೆಳಗಿನ ಪುಟ್ಟ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಬೇಕಿತ್ತು. ಕಾಲೇಜು ಬಿಟ್ಟ ಮೇಲೆ ಅವರೂ ಅದನ್ನು ಮುಟ್ಟಿದ್ದು ಇವತ್ತೇ, ಮರೆತೇಬಿಟ್ಟಿದ್ದರು. ಥೂ, ನನ್ನ ಜನ್ಮಕ್ಕಿಷ್ಟು! ಸೆರಗು ಸಿಕ್ಕಿಸಿಕೊಂಡು ಗೇಟಿನವರೆಗೆ ಓಡಿದರು. ವ್ಯಾನು ಆಗಲೇ ತಿರುವು ದಾಟಿತ್ತು.

"ನಿನ್ನ ಕಣ್ಣು ಚೆನ್ನಾಗಿದೆ ಕಣೇ," ಏದುಸಿರು ಬಿಡುತ್ತ ಬಂದು ಹೇಳಿದರು. "ತಪ್ಪು ನಂದು. ಕನ್ನಡಿ ತಿರುಗಿಸೋದನ್ನ ಮರೆತೆ."

ಹುಡುಗಿ ಅವರ ಮುಖವನ್ನೇ ನೋಡಿದಳು. ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡಿರಬೇಕು.

"ಹೋಗಲಿ ಬಿಡಿ ಮಿಸ್, ಪುಸ್ತಕದಲ್ಲಿ ಚಿತ್ರ ಇದೆಯಲ್ಲ," ಎಂದಳು.

ಅಂಗಳ ದಾಟುವಾಗ ಅವಳು ನಿಂತು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಮೇಲಿನ ಶಾಲೆಯ ಹೆಸರನ್ನು ಓದಿದಳು. ಆಮೇಲೆ ಕೈ ಬದಲಿಸಿ, ಇನ್ನೊಂದು ಕಣ್ಣಿನಿಂದ ಓದಿದಳು.