ನಡುಹಗಲಿನ ಚುಕ್ಕಿ

"ನಡುಹಗಲಲ್ಲಿ ಚುಕ್ಕಿ ಮೂಡ್ಲಿ, ಅವತ್ತೇ ನನ್ ಮಗಳನ್ನ ನಿಂಗೆ ಕೊಡ್ತೀನಿ ಕಣೋ!"

ಕಾಲುವೆ ದಂಡೆಯಲ್ಲಿ ನಿಂತು, ಜನರೆದುರು, ದೇವಿಯ ಮೇಲೆ ಆಣೆಯಿಟ್ಟೇ ಬಲಾಟು ಹೇಳಿದ. ಉರುಕ್ ಪಟ್ಟಣದ ಗುಡಿಯಲ್ಲಿ ತಾಮ್ರದ ನಗಾರಿ ಬಾರಿಸುವವನು ಅವನು. ಒಂದು ಪೆಟ್ಟು ಕೊಟ್ಟರೆ ಯೂಫ್ರೆಟಿಸ್ ಹೊಳೆಯ ಮೀನುಗಳು ಮೂರು ತಲೆಮಾರು ಕಿವುಡಾಗುತ್ತಿದ್ದವು. ಯಾರಾದರೂ ತಪ್ಪು ಮಾತಾಡಿದರೆ ಬಾಯೊಳಗಿನ ತುತ್ತು ಉಗಿದಾದರೂ ತಿದ್ದಿಯೇ ತೀರುವ ಆಸಾಮಿ.

ಹೆಣ್ಣು ಕೇಳಲು ಬಂದಿದ್ದ, ಜೊಂಡಿನ ದೋಣಿಗೆ ರಾಳ ಮೆತ್ತುವ ಲಬಾಶಿ ತಲೆ ತಗ್ಗಿಸಿದ. ಬಲಾಟುವಿನ ಮಗಳು ನುಪ್ತಾಯ ಮಾತ್ರ ಅಪ್ಪನನ್ನು ದುರುಗುಟ್ಟಿ ನೋಡಿದಳು. ಲಬಾಶಿಯ ಮೈಯ ರಾಳದ ವಾಸನೆ ಏಳು ಬೀದಿ ಆಚೆಯಿಂದ ಬಂದರೂ ಸಾಕು, ಅವಳಿಗೆ ಮಲ್ಲಿಗೆ ಬಿರಿದಂತಾಗುತ್ತಿತ್ತು. ಮದುವೆಯಾದರೆ ಅವನನ್ನೇ, ಇಲ್ಲವಾದರೆ ಯಾರೂ ಬೇಡ.

ಖರ್ಜೂರ ಇಳಿಸುವ ಕಾಲ ಬಂತು. ಒಂದು ದಿನ ಸೂರ್ಯ ನೆತ್ತಿಯ ಮೇಲಿದ್ದಾಗಲೇ ಬೆಳಕು ಹಳಸತೊಡಗಿತು. ಗ್ರಹಣ! ಉರುಕಿನ ಕಟ್ಟಳೆ ಗೊತ್ತಲ್ಲ: ಊರೆಲ್ಲ ತಲೆಗೆ ಮುಸುಕು ಹಾಕಿಕೊಂಡು ಬೋರಾಡಿ ಅಳಬೇಕು, ನಗಾರಿ ಬಾರಿಸಬೇಕು, ಯಾರೂ ಮೇಲೆ ನೋಡಕೂಡದು. ಅಳುವವರು ಕಾಲುವೆ ದಂಡೆಯಲ್ಲಿ ಸೇರಿ, ಪೂರ್ತಿ ಕತ್ತಲಾಗಲೆಂದು ಗಂಟಲು ಕಾದಿಟ್ಟುಕೊಂಡು ಕುಳಿತರು. ಬಲಾಟುವೂ ಗುಡಿಯ ನಗಾರಿಯನ್ನು ಅಲ್ಲಿಗೇ ತರಿಸಿ, ಮುಸುಕೆಳೆದುಕೊಂಡು ಕೋಲೆತ್ತಿದ.

ನುಪ್ತಾಯ ಮುಸುಕಿನ ಅಂಚನ್ನು ಬೆರಳಲ್ಲಿ ಸರಿಸಿದಳು.

ಸೂರ್ಯ ಬಳೆಯಾದ. ಬಳೆ ಒಡೆದು ಬೆಳಕಿನ ಮಣಿಗಳಾಗಿ ಚೆದುರಿತು. ಕತ್ತಲು. ಎಡಕ್ಕೆ ದೇವಿಯ ಬೆಳ್ಳಿಚುಕ್ಕಿ ದಿಲ್ಬತ್, ದಾಳಿಂಬೆಯಷ್ಟು ದಪ್ಪಗೆ, ಬೆಳ್ಳಗೆ!

ಅದಾದರೂ ಎಷ್ಟು ಹೊತ್ತು? ಮುದುಕಿಯೊಬ್ಬಳು ಅಳಲು ಬಾಯಿ ತೆರೆದಳು. ಅಳು ಹೊರಗೆ ಬರುವಷ್ಟರಲ್ಲಿ ನಗಾರಿಗೆ ಒಂದೇ ಪೆಟ್ಟು ಬಿತ್ತು, ಬಿಸಿಲು ಬಂದುಬಿಟ್ಟಿತು. ತೆರೆದ ಬಾಯಿ ದಂಡವಾಗದಿರಲಿ ಎಂದು ಆಕಳಿಸಿದಳು.

"ನೋಡಿದ್ರಾ? ಒಂದೇ ಏಟು! ಕತ್ತಲು ಕಾಲಿಗೆ ಬುದ್ಧಿ ಹೇಳ್ತು!" ಬಲಾಟು ಮುಸುಕು ಕೊಡವಿದ.

"ಅಪ್ಪಾ, ಚುಕ್ಕಿ ಮೂಡಿತ್ತು," ಎಂದಳು ನುಪ್ತಾಯ.

"ಯಾರು ನೋಡಿದ್ರು? ಎಲ್ಲಾರ ತಲೆ ಮೇಲೂ ಮುಸುಕಿತ್ತು. ಕರಿ, ಸಾಕ್ಷೀನ."

ಎಲ್ಲರೂ ಮುಸುಕು ಮಡಚತೊಡಗಿದರು. ನೋಡಿದೆ ಎಂದರೆ ಕಟ್ಟಳೆ ಮುರಿದಂತೆ. ಲಬಾಶಿಯ ಮುಖ ಅವನ ರಾಳಕ್ಕಿಂತ ಕಪ್ಪಾಯಿತು.

"ನಾನೇ ನೋಡ್ದೆ. ಏನ್ ಬೇಕಾದ್ರೂ ಶಿಕ್ಷೆ ಕೊಡ್ಲಿ," ನುಪ್ತಾಯ ಎದ್ದು ನಿಂತಳು. "ಸೂರ್ಯನ ಬಲಗಡೆ ಇತ್ತು. ಸಾಸಿವೆಯಷ್ಟು. ಕೆಂಪಗೆ."

ಬಲಾಟು ಹಲ್ಲು ಕಚ್ಚಿದ. ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು. ತಡೆದ, ತಡೆದ, ಉರುಳುವ ಪರ್ವತ ತಡೆಯುವವನ ಹಾಗೆ ತಡೆದ. ಆಗಲಿಲ್ಲ.

"ಬಲಗಡೆ ಅಲ್ಲ ಕಣೇ, ಎಡಗಡೆ! ಕೆಂಪಗಂತೆ, ಕೆಂಪಗೆ! ಹಾಲಿನ ಹಾಗೆ ಬೆಳ್ಳಗಿತ್ತು ದಿಲ್ಬತ್..."

ದಂಡೆಯ ತಲೆಗಳೆಲ್ಲ ಅವನತ್ತ ತಿರುಗಿದವು.

"ಯಜಮಾನ್ರೇ," ಬಿಯರ್ ಮಾರುವ ಹೆಂಗಸು ಕೇಳಿದಳು, "ನಿಮ್ ಮುಸುಕಿಗೆ ಕಿಟಕಿ ಇಡ್ಸಿದ್ರಾ?"

ಆ ನಗುವಿಗೆ ನೂರು ಮರದ ಖರ್ಜೂರ ಉದುರಿತು.

"ಎಡಗಡೇನೇ! ನಾನೂ ನೋಡ್ದೆ!" ಎಂದ ಒಬ್ಬ ಬೆಸ್ತ.

"ನಾನೂವೆ!" ಎಂದಳು ಆಕಳಿಸಿದ್ದ ಮುದುಕಿ. ವಿಚಾರಿಸುತ್ತ ಹೋದರೆ, ಇಡೀ ಉರುಕಿನಲ್ಲಿ ನೋಡದೆ ಉಳಿದವನು ಲಬಾಶಿಯೊಬ್ಬನೇ.

"ಥೂ, ದಡ್ಡ," ಎಂದಳು ನುಪ್ತಾಯ, ಕಣ್ಣೊರೆಸಿಕೊಂಡು ನಗುತ್ತ.

ಬಲಾಟು ಬಹಳ ಹೊತ್ತು ಬಿಯರ್ ಗಡಿಗೆಯ ಮುಂದೆ ಒಬ್ಬನೇ ಕುಳಿತು ಜೊಂಡಿನ ಕೊಳವೆಯಿಂದ ಹೀರಿದ. ಆಮೇಲೆ ಇನ್ನೊಂದು ಕೊಳವೆಯನ್ನು ಒಳಗಿಳಿಸಿ, ಅದರ ತುದಿಯನ್ನು ಮೆಲ್ಲನೆ ಲಬಾಶಿಯ ಕಡೆಗೆ ತಿರುಗಿಸಿದ.